ರಾಗಿ ಪಣತದಲ್ಲಿ ಬೆಂದವರು

ನಮ್ಮ ಬಳಗದಲ್ಲಿ ಯಾರಿಗೂ ನೆಗಡಿಯೇ ಆಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಆಗುತ್ತಿತ್ತು ಸ್ವಾಮಿ, ಎಲ್ಲರಿಗೂ ಆಗುತ್ತಿತ್ತು. ಒಪ್ಪಿಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ! ಹೊಳೆನರಸೀಪುರದಲ್ಲಿದ್ದ ನನ್ನ ಸೋದರಮಾವನ ಮನೆಗೆ ಹೋಗುವವರು ಸೀನು ಬಂದರೆ ಮೂಗು ಹಿಡಿದು ನುಂಗಿಕೊಳ್ಳಬೇಕಿತ್ತು. ಅಪ್ಪಿತಪ್ಪಿ ‘ಅಕ್ಷೀ’ ಅಂದಿರೋ, ಮುಗಿಯಿತು ನಿಮ್ಮ ಕಥೆ. ಮಾವ ನಿಮ್ಮ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದೊಯ್ದು, ಪೆಟ್ಟಿಗೆಯಲ್ಲಿ ಕೂರಿಸಿ, ಕಡುಬು ಬೇಯಿಸಿದ ಹಾಗೆ ಬೇಯಿಸಿಯೇ ಕಳಿಸುತ್ತಿದ್ದರು. ಅವರೇನು ಡಾಕ್ಟರಾ? ಅಲ್ಲ. ಪಂಡಿತರಾ? ಅದೂ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ರಿಟೈರಾದ ಪ್ರೈಮರಿ ಸ್ಕೂಲ್ ಮೇಷ್ಟ್ರು.

ಐವತ್ತರ ದಶಕದ ಕೊನೆ ಅದು. ನಾನಾಗ ಹಾಸನದಲ್ಲಿ ಗುಮಾಸ್ತ. ಮಾವ ರಿಟೈರಾದ ವರ್ಷವೇ ಅತ್ತೆಗೆ ಎರಡೂ ಮಂಡಿ ಹಿಡಿದುಕೊಂಡವು. ಕೇರಿಯಲ್ಲಿ ಯಾರ ಮನೆಯ ಬಾಣಂತನವಿದ್ದರೂ ಮೊದಲು ಓಡುತ್ತಿದ್ದ ಹೆಂಗಸು, ಈಗ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ನಡುಮನೆಗೆ ಬಂದರೆ ಅದೇ ದೊಡ್ಡ ಪಯಣ. ಹೊಸ್ತಿಲು ದಾಟುವುದಂತೂ ನಿಂತೇಹೋಗಿತ್ತು. ಔಷಧಿ, ನಾಟಿ ಎಣ್ಣೆ, ಹರಕೆ ಎಲ್ಲವೂ ಆದವು. ಮಂಡಿಗೆ ಕಾವು ಕೊಟ್ಟರೆ ಒಳ್ಳೆಯದು ಎಂದು ಹಾಸನದ ಡಾಕ್ಟರು ಹೇಳಿದ್ದರು, ನಿಜ. ಆದರೆ ಹಿಂದೊಮ್ಮೆ ದೀಪಾವಳಿಯ ಎಣ್ಣೆಸ್ನಾನದಲ್ಲಿ ಬಿಸಿ ತಡೆಯಲಾರದೆ ಅತ್ತೆ ಬಚ್ಚಲಲ್ಲೇ ತಲೆ ಸುತ್ತಿ ಬಿದ್ದಿದ್ದರು. ಅಂದಿನಿಂದ ಮಾವನಿಗೆ ಬಿಸಿಯೆಂದರೆ ಭಯ, ಮಂಡಿಯೆಂದರೆ ಚಿಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಮಾವ ಹೇಮಾವತಿ ಹೊಳೆಯ ದಡಕ್ಕೆ ಹೋದರು. ಅಲ್ಲಿ ಮಡಿವಾಳರ ಉಬ್ಬೆ ಉರಿಯುತ್ತಿತ್ತು. ಸೌಳುಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಕುದಿಯುವ ನೀರಿನ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಾರಲ್ಲ, ಅದು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಮುದುಕ ಸರಕ್ಕನೆ ಎದ್ದು, ಬಟ್ಟೆಗಂಟು ಹೊತ್ತು ನಡೆದೇಬಿಟ್ಟನಂತೆ!

"ಏನಯ್ಯಾ, ನಿಂಗೆ ಮಂಡಿನೋವು ಬರಲ್ವಾ?"

"ಈ ಅಬೇಲಿ ಕೂತೋನಿಗೆ ಯಾವ ನೋವು ಸಾ? ಬಟ್ಟೆ ಕೊಳೇನೇ ಓಯ್ತದೆ, ಮೈಯಿನ ನೋವು ಓಗಕಿಲ್ವಾ?"

ಮೇಷ್ಟ್ರಿಗೆ ಪಾಠ ಸಿಕ್ಕಿಬಿಟ್ಟಿತು! ಮನೆಗೆ ಬಂದವರೇ ನೇರವಾಗಿ ಪಣತಕ್ಕೆ ಕೈ ಹಾಕಿದರು. ಪಣತವೆಂದರೆ ವರ್ಷದ ರಾಗಿ ತುಂಬಿಡುವ ಎದೆಯೆತ್ತರದ ಮರದ ಪೆಟ್ಟಿಗೆ. ಅದರೊಳಗಿನ ರಾಗಿಯೆಲ್ಲ ಮೂಟೆಗೆ ಇಳಿಯಿತು, ಮೂಟೆಗಳು ನಡುಮನೆಗೆ ಬಂದವು. ಬಡಗಿ ಬಂದು ಮುಚ್ಚಳವನ್ನು ಎರಡು ಹೋಳು ಮಾಡಿ, ನಡುವೆ ಕುತ್ತಿಗೆ ಹಿಡಿಯುವಷ್ಟು ತೂತು ಕೊರೆದ. ಒಳಗೊಂದು ಸ್ಟೂಲು. ಹೊರಗೆ ಒಲೆಯ ಮೇಲೆ ಲಕ್ಕಿಸೊಪ್ಪು, ಹುಣಸೆಸೊಪ್ಪು ಹಾಕಿದ ಬಾಯಿ ಕಟ್ಟಿದ ಹಂಡೆ. ಹಂಡೆಯಿಂದ ಪಣತಕ್ಕೆ ಒಂದು ಬಿದಿರಿನ ಕೊಳವೆ.

"ರಾಗಿ ಇಡೋ ಜಾಗದಾಗೆ ಮನುಷ್ಯರನ್ನ ಇಟ್ರಿ. ಇನ್ನು ಮನುಷ್ಯರು ಮಲ್ಗೋ ಜಾಗದಾಗೆ ರಾಗಿ ಮಲಗ್ಸಿ" ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ಪಣತವೇನೋ ಸಿದ್ಧವಾಯಿತು. ಬೇಯುವುದಕ್ಕೆ ಜನ ಬೇಕಲ್ಲ! ಮೊದಲು ಸಿಕ್ಕವನು, ಇನ್ಯಾರು, ನಾನೇ. ಅಂದು ಮಧ್ಯಾಹ್ನ ಮಾವನ ಜೊತೆ ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೋಗಬೇಕಿತ್ತು.

"ಕೂರ್ಲಾ, ಮೈಗೆ ಹೊಳಪು ಬತ್ತದೆ. ಬೆವರು ಅಂದ್ರೆ ಏನು ಅಂತ ತಿಳ್ಕೊಂಡಿದ್ದೀಯಾ?"

"ಸೆಕೆ ಆದ್ರೆ ಬರೋದು ಮಾವ."

"ದಡ್ಡ ಮುಂಡೇದೆ! ಮೈ ಹಗುರ ಆಯ್ತದೆ, ಕೀಲು ಸಡ್ಲ ಆಯ್ತದೆ, ರಾತ್ರಿ ಒಳ್ಳೆ ನಿದ್ದೆ ಬತ್ತದೆ. ಎಲ್ಲಿ, ಹೇಳು ನೋಡಾನ?"

ನಾನು ಪಣತದಲ್ಲಿ ಕೂತು, ತಲೆಯೊಂದನ್ನೇ ಹೊರಗಿಟ್ಟುಕೊಂಡು, ಮೂರು ಸಲ ಒಪ್ಪಿಸಿದೆ. ಹತ್ತು ನಿಮಿಷ ಸುಖವಾಗಿಯೇ ಇತ್ತು ಅನ್ನಿ. ಆಮೇಲೆ ನೋಡಿದರೆ ಹಬೆ ಕುಡಿದ ಮರ ಉಬ್ಬಿ, ಮುಚ್ಚಳದ ಎರಡು ಹೋಳೂ ಕಚ್ಚಿಕೊಂಡುಬಿಟ್ಟಿವೆ! ಮಾವ ಎಳೆದರು, ಜಗ್ಗಿದರು, ಕೊನೆಗೆ ಬಡಗಿಯನ್ನು ಕರೆಯಲು ಓಡಿದರು. ಅವನು ಬರುವಷ್ಟರಲ್ಲಿ ನನ್ನ ಮುಖ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದೇ ಮುಖ ಹೊತ್ತುಕೊಂಡು ಬಸ್ಸು ಹತ್ತಿ ಹೋದೆ. ಹೆಣ್ಣಿನ ತಂದೆ ನನ್ನನ್ನು ಒಮ್ಮೆ ನೋಡಿ, ಪಕ್ಕದವರ ಕಿವಿಯಲ್ಲಿ "ಉಡ್ಗ ಕುಡೀತಾನೇನಯ್ಯಾ?" ಎಂದರು. ಮಾವನ ಕಿವಿ ಚುರುಕು. ಎದೆಯುಬ್ಬಿಸಿ ಹೇಳಿದರು, "ಕುಡ್ದಿಲ್ಲ ಯಜಮಾನ್ರೇ, ಬೆಂದವ್ನೆ!" ಇಷ್ಟಾದ ಮೇಲೂ ಆ ಹುಡುಗಿ ಒಪ್ಪಿದಳಲ್ಲ, ಅವಳ ತಾಳ್ಮೆಯನ್ನು ಇವತ್ತಿಗೂ ಅನುಭವಿಸುತ್ತಿದ್ದೇನೆ.

ಅಲ್ಲಿಂದಾಚೆ ಎರಡು ವರ್ಷ ಬಳಗದಲ್ಲಿ ಬೇಯದೆ ಉಳಿದವರಿಲ್ಲ. ಅರಕಲಗೂಡಿನ ಬೀಗರು ಲಗ್ನಪತ್ರಿಕೆ ಕೊಡಲು ಬಂದು ಬೆಂದರು. ಭಾರೀ ಆಳು, ಪಣತದಿಂದ ಎದ್ದವರೇ "ಮೈ ಅಗುರ ಆಯ್ತು ಮೇಷ್ಟ್ರೇ" ಎಂದು ಕೈಮುಗಿದು, ಮೂರು ಮುದ್ದೆ ನುಂಗಿ, ಹಗುರವಾದದ್ದನ್ನೆಲ್ಲ ಅಲ್ಲೇ ಭರ್ತಿ ಮಾಡಿಕೊಂಡು ಹೋದರು! ಒಂದು ಸಲ ಪಣತದ ಮೂಲೆಯಲ್ಲಿ ಉಳಿದಿದ್ದ ರಾಗಿ ತೇವಕ್ಕೆ ಮೊಳಕೆಯೊಡೆದು ಹಸಿರಾಗಿ ನಿಂತಿತ್ತು. ಅತ್ತೆಗೆ ಸುದ್ದಿ ಮುಟ್ಟಿತು. "ಪೆಟ್ಟಿಗೇಲೂ ಬೆಳೆ ತೆಗೆದ್ರಲ್ಲಾ, ಶಾನುಭೋಗ್ರಿಗೆ ಗೊತ್ತಾದ್ರೆ ಕಂದಾಯ ಆಕ್ತಾರೆ!" ಎಂದು ಗೋಡೆ ಹಿಡಿದುಕೊಂಡೇ ನಕ್ಕರು.

ಮಾವನ ಕಾಟ ಬೇಯಿಸಿದ್ದಕ್ಕೆ ಮುಗಿಯುತ್ತಿತ್ತೇ? ಈಚೆ ಬಂದ ತಕ್ಷಣ ಪರೀಕ್ಷೆ ಶುರು. ಎದೆ ಯಾವಾಗ ಹೊಡ್ಕೊಳ್ತು? ತಲೆ ಸುತ್ತಿತಾ? ಉಸಿರು ಕಟ್ತಾ? ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಮಗೆಲ್ಲ ಒಂದೇ ಸಂಕಟ: ಮಂಡಿನೋವಿಲ್ಲದ ನಮ್ಮನ್ನು ಹೀಗೆ ಬೇಯಿಸುತ್ತಾರಲ್ಲ, ಮಂಡಿನೋವಿರುವ ಹೆಂಡತಿಯನ್ನು ಪಣತದ ಹತ್ತಿರಕ್ಕೂ ಬಿಡುವುದಿಲ್ಲವಲ್ಲ! ಬೀಗರು ಕೇಳಿಯೇಬಿಟ್ಟರು.

"ಊರಿನೋರ್ನೆಲ್ಲಾ ಬೇಯಿಸ್ತೀರಿ. ನಮ್ಮಕ್ಕನ್ನ ಯಾವಾಗ ಕೂರ್ಸೋದು ಮೇಷ್ಟ್ರೇ?"

"ಇನ್ನೂ ಹದ ಸಿಕ್ಕಿಲ್ಲ" ಎಂದು ಮಾವ ಎದ್ದು ಹೋದರು. ಈ ಮನುಷ್ಯನಿಗೆ ಹಬೆಯ ಹುಚ್ಚೇ ಹೊರತು ಹೆಂಡತಿಯ ಚಿಂತೆಯಿಲ್ಲ ಎಂದು ನಾನೂ ನಾಲ್ಕು ಕಡೆ ಆಡಿಕೊಂಡಿದ್ದೇನೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅದಾದ ಕೆಲವು ತಿಂಗಳಿಗೆ, ಒಂದು ಭಾನುವಾರ, ಸುಳಿವು ಕೊಡದೆ ಹೋದೆ. ನಡುಮನೆಯಲ್ಲಿ ಯಾರೂ ಇಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಪಣತದ ಮೇಲೆ ಅತ್ತೆಯ ತಲೆ! ಅಗಲ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಎದುರಿಗೆ ಮಣೆ ಹಾಕಿಕೊಂಡು ಕೂತ ಮಾವ ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಿಂದ ಅವರ ಹಣೆ ಒರೆಸುತ್ತಿದ್ದರು. "ತಲೆ ಸುತ್ತುತ್ತೇನೇ? ಸುತ್ತಿದ್ರೆ ಹೇಳ್ಬುಡು, ಹೆದರ್ಬೇಡ, ನಾನಿಲ್ಲೇ ಇದ್ದೀನಿ." ನಾಲ್ಕು ಜನರೆದುರು ಹೆಂಡತಿಯ ಜೊತೆ ಎರಡು ಮಾತಾಡಲೂ ಸಂಕೋಚಪಡುತ್ತಿದ್ದ ಮೇಷ್ಟ್ರು ಇವರೇನಾ?

ಒಲೆಯ ಪಕ್ಕದಲ್ಲಿ ಆ ನೋಟ್‌ಬುಕ್ ಬಿಚ್ಚಿಕೊಂಡು ಬಿದ್ದಿತ್ತು. ಬಗ್ಗಿ ಓದಿದೆ. ‘ಅಳಿಯ: ಹತ್ತು ನಿಮಿಷಕ್ಕೆ ಎದೆಬಡಿತ ಜೋರು. ಇವಳಿಗೆ ಐದೇ ಸಾಕು.’ ‘ಅರಕಲಗೂಡು ಬೀಗರು: ಲಕ್ಕಿಸೊಪ್ಪಿನ ಘಾಟಿಗೆ ಕೆಮ್ಮು. ಇವಳಿಗೆ ಅರ್ಧ.’ ‘ಮುಚ್ಚಳ ಕಚ್ಚಿಕೊಳ್ಳುತ್ತದೆ. ಇವಳು ಗಾಬರಿಯಾದಾಳು. ಅಂಚು ಕೆತ್ತಿಸಬೇಕು.’ ‘ಇವಳು ಹತ್ತಿ ಇಳಿಯಲಾರಳು. ಪಕ್ಕದ ಹಲಗೆ ಕೊಯ್ಸಿ ಬಾಗಿಲು ಇಡಿಸಬೇಕು.’ ಪುಟ ತಿರುಗಿಸಿದಷ್ಟೂ ಅದೇ. ನಮ್ಮ ಇಡೀ ಬಳಗವನ್ನು ಮಾವ ಬೇಯಿಸಿ ಬೇಯಿಸಿ ನೋಡಿದ್ದು ಈ ಒಂದು ಜೀವಕ್ಕೆ ಹದ ಹುಡುಕಲು.

ಊಟಕ್ಕೆ ಮುಂಚೆ ಮಾವ ಹಂಡೆ ತೊಳೆಯುತ್ತಿದ್ದಾಗ ಅಡುಗೆಮನೆಗೆ ಹೋಗಿ ಮೆಲ್ಲಗೆ ಕೇಳಿದೆ, "ಅತ್ತೆ, ನೋವು ಕಮ್ಮಿ ಆಯ್ತಾ?"

ಅತ್ತೆ ಹಿತ್ತಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿದ್ದೆ ಚೆನ್ನಾಗಿ ಬತ್ತದೆ ಕಣಪ್ಪಾ. ಮಂಡಿ ಏನೋ ಅಂಗೇ ಅದೆ. ಆದ್ರೆ ಮದ್ವೆ ಆಗಿ ಮೂವತ್ತೈದು ವರ್ಸಕ್ಕೆ ನಿಮ್ಮಾವ ಇಷ್ಟೊತ್ತು ನನ್ನ ಮುಖ ನೋಡ್ಕೊಂಡು ಕುಂತವ್ರೆ. ನೀನು ಏನೂ ಏಳಕ್ಕೋಗ್ಬ್ಯಾಡ. ವಾಸಿ ಆಗಿಲ್ಲ ಅಂದ್ರೆ ನೊಂದ್ಕೋತಾರೆ. ವಾಸಿ ಆಯ್ತು ಅಂದ್ರೆ ನಿಲ್ಲಿಸ್ಬುಡ್ತಾರೆ."