ಅಕ್ಕನ ಮದುವೆಗೆ ನಾನು ಆರಿಸಿದ ಫೋಟೋದವನು

ಅಕ್ಕನ ಮದುವೆಗೆ ಫೋಟೋದವನನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಗೊಬ್ಬೂರಿನಲ್ಲಿ ಇದಕ್ಕೆ ನನಗಿಂತ ಯೋಗ್ಯರಿಲ್ಲ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಉಳಿದ ಎಲ್ಲದರಲ್ಲೂ ಅನುಮಾನವಿತ್ತು! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಅವ್ವ ಈಗ ಉಪ್ಪು, ಸಾಸಿವೆ ಇಡುತ್ತಾಳೆ. ಅಂಥವಳಿಗೆ ಯಾವ ಫೋಟೋದವನು ಟೋಪಿ ಹಾಕಿಯಾನು?

ಅಕ್ಕನ ಬೇಡಿಕೆ ಒಂದೇ.

“ನೋಡ್ ಬೇ, ಅಕ್ಕಿಕಾಳ ಬೀಳೂ ಹೊತ್ತಿನ ಫೋಟೋ ಒಂದ ಛಂದ ಬಂದ್ರ ಸಾಕು. ನಡುವ ಯಾರದೂ ತಲಿ ಬರಬಾರದು.”

ಕಾರಣ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅದು ಅವ್ವ-ಅಪ್ಪನ ಮದುವೆಯಲ್ಲಿ ಅವರ ಮೇಲೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಚಿತ್ರ. ಅದರಲ್ಲಿ ಅವ್ವ ಇಲ್ಲ, ಅಪ್ಪನೂ ಇಲ್ಲ. ಯಾರೋ ಬೀಗರ ತಲೆಯ ರುಮಾಲು ಇದೆ. ಬಂದವರಿಗೆಲ್ಲ ಅವ್ವ, “ಈ ರುಮಾಲಿನ ಹಿಂದ ನಾ ನಗಾಕತ್ತೇನಿ ನೋಡ್ರಿ” ಎಂದು ತೋರಿಸುತ್ತಾಳೆ.

ಮೊದಲು ಆಳಂದದವನ ಆಲ್ಬಮ್ ನೋಡಿದೆ. ಹಿಮದ ಗುಡ್ಡದ ಮುಂದೆ ಮದುಮಗಳು ಬೆವೆತು ನಿಂತಿದ್ದಳು.

“ಇದು ಯಾವೂರ್ರಿ?”

“ಭೂಸನೂರ್ರಿ.”

“ಭೂಸನೂರಾಗ ಹಿಮ ಯಾವಾಗ ಬಿತ್ತ್ರಿ?”

“ಹಿಂದ ಕಬ್ಬಿನ ಹೊಲ ಇತ್ತ್ರಿ. ಅದನ್ನ ತಗದು ಇದನ್ನ ಕುಂಡ್ರಿಸೇನಿ.”

“ಅಂದ್ರ ಸುಳ್ಳು!”

“ಹುಡುಗಿ ಖರೇನ ಅದಾಳ್ರಿ!”

ಎದ್ದು ಬಂದೆ.

ಜೇವರ್ಗಿಯವನ ಬಳಿ ಡ್ರೋನ್ ಇತ್ತು. ಮೇಲಿಂದ ತೆಗೆದರೆ ಯಾರ ತಲೆಯೂ ಅಡ್ಡ ಬರುವುದಿಲ್ಲ ಎಂದ. “ಹಂದರದ ಮ್ಯಾಲ ಬಟ್ಟಿ ಕಟ್ಟಿರತಾರಲ್ರಿ?” ಎಂದೆ. “ಬಟ್ಟಿ ಭಾಳ ಛಂದ ಬರತದ್ರಿ” ಎಂದ.

ಕೊನೆಗೆ ಸಿಕ್ಕವನು ಅಫಜಲಪುರದ ಮಾಂತೇಶ. ಅವನ ಮುಂದೆ ನನ್ನ ವಾದ ಮಂಡಿಸಿದೆ. ಚಿತ್ರವೆಂದರೆ ಸತ್ಯ. ಆದ್ದರಿಂದ ಯಾರನ್ನೂ ನಗಿಸಬಾರದು, ‘ಇಕ್ಕಡಿ ನೋಡ್ರಿ’ ಎನ್ನಬಾರದು, ನಿಂತವರನ್ನು ಸರಿಸಬಾರದು. ಏನಾಗುತ್ತದೋ ಅದನ್ನೇ ಹಿಡಿಯಬೇಕು.

“ಹೌದ್ರಿ ಅಕ್ಕೋರ.”

“ನಿಮ್ಮ ಆಕ್ಷೇಪಣೆ ಏನರ ಅದನ್ರಿ?”

“ಇಲ್ರಿ ಅಕ್ಕೋರ.”

ನನ್ನ ತರ್ಕಕ್ಕೆ ಜಗತ್ತು ಮೊದಲ ಸಲ ತಲೆಬಾಗಿತ್ತು! ಅಲ್ಲೇ ಗೊತ್ತು ಮಾಡಿ ಬಂದೆ.

“ಅಂವ ಫೋಟೋ ಹೆಂಗ ತಗೀತಾನ, ನೋಡಿದೇನ ಬೇ?” ಎಂದು ಅವ್ವ ಕೇಳಿದಳು.

ನೋಡಿರಲಿಲ್ಲ. ಆ ಪ್ರಶ್ನೆ ಚರ್ಚೆಯ ವ್ಯಾಪ್ತಿಯ ಹೊರಗಿತ್ತು.

ಮದುವೆಯ ದಿನ ಮಾಂತೇಶ ಮಾತು ಉಳಿಸಿಕೊಂಡ. ಸುರಗಿಯ ಶಾಸ್ತ್ರದಲ್ಲಿ ತಲೆಗೆ ನೀರು ಸುರಿಯುವಾಗ ಅಕ್ಕ ಸೀನಿದಳು. ಕ್ಲಿಕ್! ಮದುಮಗ ಬಾಸಿಂಗದ ಕೆಳಗೆ ಬೆರಳು ತೂರಿಸಿ ಹಣೆ ಕೆರೆದುಕೊಂಡ. ಕ್ಲಿಕ್! ಸತ್ಯ ಇಷ್ಟು ಕುರೂಪವಾಗಿರುತ್ತದೆಂದು ಯಾವ ಚರ್ಚಾಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ.

ಮುಹೂರ್ತ ಬಂತು. ಮಂದಿಯೆಲ್ಲ ಕೈಯಲ್ಲಿ ಅಕ್ಕಿಕಾಳು ಹಿಡಿದು ಎದ್ದರು. ನೋಡುತ್ತೇನೆ, ಮಣ್ಣೂರಿನ ಸೋದರಮಾವ ಮೊಬೈಲ್ ಎತ್ತಿಕೊಂಡು ಸರಿಯಾಗಿ ಕ್ಯಾಮೆರಾಕ್ಕೂ ಅಕ್ಕನಿಗೂ ನಡುವೆ ನಿಂತಿದ್ದಾನೆ. ತಲೆಯ ಮೇಲೆ ರುಮಾಲು! ಅಕ್ಕ ನನ್ನತ್ತ ನೋಡಿದಳು. ಅವಳ ಕಣ್ಣಲ್ಲಿ ನೀರು.

ಓಡಿದೆ.

“ಮಾಂತೇಶಣ್ಣ, ನಮ್ಮ ಮಾವಗ ಸರೀರಿ ಅನ್ರಿ!”

“ಯಾರನ್ನೂ ಸರಸಬ್ಯಾಡ ಅಂದೀರಲ್ರಿ ಅಕ್ಕೋರ?”

“ಅದು ಬ್ಯಾರೆ!”

“ಏನ್ ಆಗತದ ಅದನ್ನ ಹಿಡಿ ಅಂದೀರಿ. ಈಗ ಇದ ಆಗಾಕತ್ತದ.”

ನಮ್ಮ ಗದ್ದಲ ಕೇಳಿ ಮಾವ ತಾನಾಗಿಯೇ ಬದಿಗೆ ಸರಿದ. ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ನನ್ನ ವಾದ ಮುಗಿದಿರಲಿಲ್ಲವಲ್ಲ! ಮಾವ ಖಾಲಿ ಮಾಡಿದ ಜಾಗದಲ್ಲೇ ನಿಂತು, ಕ್ಯಾಮೆರಾಕ್ಕೆ ಮುಖ ಮಾಡಿ, ಬೆರಳೆತ್ತಿ, “ಮೊದಲನೆಯದಾಗಿ...” ಎಂದೆ. ವಾಲಗ ಜೋರಾಯಿತು. ನಾನೂ ಜೋರಾದೆ. “ಎರಡನೆಯದಾಗಿ...”

ಬಾಯೊಳಗೆ ಅಕ್ಕಿಕಾಳು ಬಿತ್ತು.

ಕ್ಲಿಕ್!

ಅಕ್ಕ ಬಹಳ ದಿನ ನನ್ನ ಫೋನ್ ಎತ್ತಲಿಲ್ಲ. ಆ ಚಿತ್ರ ಈಗ ರುಮಾಲಿನ ಚಿತ್ರದ ಪಕ್ಕದಲ್ಲೇ ತೂಗುತ್ತಿದೆ. ನನ್ನ ಬೆರಳು, ನನ್ನ ಬಾಯಿ, ನನ್ನ ಎಡಗಿವಿಯ ಹತ್ತಿರ ಅಕ್ಕನ ಹಸಿರು ಬಳೆ. ಬಂದವರಿಗೆ ಅವ್ವ ಎರಡನ್ನೂ ತೋರಿಸುತ್ತಾಳೆ.

“ಈ ರುಮಾಲಿನ ಹಿಂದ ನಾ ಅದೇನಿ. ಈಕಿ ಹಿಂದ ನಮ್ಮ ಹಿರೇಕಿ ಅದಾಳ. ಆದ್ರೂ ರುಮಾಲ ಭಾಳ ಚಲೋ ಇತ್ತ್ರಿ. ಬಾಯಿ ತಗದಿರಲಿಲ್ಲ!”

ಆಕ್ಷೇಪಣೆ ಎತ್ತೋಣವೆಂದು ಬಾಯಿ ತೆರೆದೆ. ಗೋಡೆಯ ಮೇಲಿನ ನನ್ನನ್ನು ನೋಡಿ ಮುಚ್ಚಿಕೊಂಡೆ.