ಮಾವನ ಗ್ಯಾಲರಿಯ ತೊಟ್ಟಿಲು

ನನ್ನ ಸೋದರಮಾವನಿಗೆ ದಿಲ್ಲಿಯಲ್ಲಿ ಬದುಕಿರುವ ಸ್ನೇಹಿತರು ಇಬ್ಬರೋ ಮೂವರೋ. ಸತ್ತವರಿಗೆ ಮಾತ್ರ ಲೆಕ್ಕವಿಲ್ಲ! ಮ್ಯೂಸಿಯಮ್ಮಿನಲ್ಲಿ ಅರಮನೆಗಳ ಹುಕ್ಕಾ, ಪನ್ನೀರುದಾನಿ, ದಂತದ ಪೆಟ್ಟಿಗೆಗಳಿರುವ ಗ್ಯಾಲರಿ ಕಾಯುವುದು ಅವನ ಕೆಲಸ. ಸಂಜೆ ಬೀಗ ಹಾಕುವ ಮುನ್ನ ಒಂದೊಂದಕ್ಕೂ "ಹೋಗಿಬರ್ತೀನಿ" ಅನ್ನದೆ ಆರ್.ಕೆ.ಪುರಂ ಬಸ್ಸು ಹತ್ತಿದವನಲ್ಲ. "ಅವೇನು ಉತ್ತರ ಕೊಡ್ತಾವಾ?" ಅಂದರೆ, "ಎಲ್ಲವೂ ಕೊಡಲ್ಲ" ಅಂತಾನೆ. ಏನು ಹೇಳೋಣ ಈ ಮಹಾನುಭಾವನಿಗೆ!

ಅಲ್ಲಿ ಯಾವಳೋ ಬೇಗಂ ಬಳಸಿದ ಬೆಳ್ಳಿ ಚೌಕಟ್ಟಿನ ಕನ್ನಡಿಯಿದೆ. ಒಮ್ಮೆ ನಾನು ಅದರೆದುರು ಕೂದಲು ಸರಿಮಾಡಿಕೊಳ್ಳಲು ಹೋದರೆ ಮಾವ ತೋಳು ಹಿಡಿದು ಎಳೆದ. "ಇರೇ, ನಿನ್ನ ಸರದಿ ಬರಲಿ. ಅವರಿನ್ನೂ ಜಡೆ ಹಾಕ್ಕೊಂಡು ಮುಗಿಸಿಲ್ಲ." ನಕ್ಕುಬಿಟ್ಟೆ. ಆದರೆ ಮೆಟ್ರೊದಲ್ಲಿ ಮಯೂರ್ ವಿಹಾರ್ ಮುಟ್ಟುವ ತನಕ ಕಿಟಕಿ ಗಾಜಿನ ಕಡೆ ತಿರುಗಲಿಲ್ಲ.

ಶಾಸ್ತ್ರದಲ್ಲಂತೂ ಮಾವ ನಮ್ಮಜ್ಜಿಯನ್ನೂ ಮೀರಿಸಿದವನು. ಹೊಸಿಲ ಮೇಲೆ ಕೂರಬಾರದು, ಬರಿದೇ ಕತ್ತರಿ ಆಡಿಸಬಾರದು, ಖಾಲಿ ತೊಟ್ಟಿಲಂತೂ ತೂಗಲೇಬಾರದು! ಎರಡು ಸಲ ಹೊಟ್ಟೆಯಲ್ಲೇ ಮಗು ಕಳೆದುಕೊಂಡವಳು ನಾನು. ಈಗ ಮೂರನೆಯದಕ್ಕೆ ಏಳು ತಿಂಗಳು. ಹೆರಿಗೆಯಾಗುವ ತನಕ ಮನೆಯಲ್ಲಿ ತೊಟ್ಟಿಲ ಸುದ್ದಿಯೇ ಎತ್ತಕೂಡದು ಅಂತ ಅವನದೇ ಅಪ್ಪಣೆ.

ಕಳೆದ ಸೋಮವಾರ ಮ್ಯೂಸಿಯಮ್ಮಿಗೆ ರಜೆ, ಒಳಗೆ ಧೂಳು ಹೊಡೆಯುವ ದಿನ. ಮಾವ ನಮ್ಮನೆಯಲ್ಲಿ ಮರೆತುಹೋದ ಕನ್ನಡಕ ಕೊಡಲು ಹೋದೆ. ಗೇಟಿನ ಭಯ್ಯಾ ಪರಿಚಯದವನು, ಬಿಟ್ಟ. ನೋಡುತ್ತೇನೆ, ಯಾವುದೋ ರಾಜಕುಮಾರನ ಕೆತ್ತನೆಯ ತೊಟ್ಟಿಲ ಪಕ್ಕ ಕೂತು ಮಾವ ತೂಗುತ್ತಿದ್ದಾನೆ! ಒಳಗೆ ಏನೂ ಇಲ್ಲ. ಸಿಟ್ಟು ನೆತ್ತಿಗೇರಿತು.

"ಖಾಲಿ ತೊಟ್ಟಿಲು ತೂಗ್ತಿದೀಯಲ್ಲ ಮಾವ! ನನ್ನ ಮಗು ಉಳಿಯೋದು ಬೇಡ್ವಾ ನಿಂಗೆ?"

ಮಾವ ಬೆಚ್ಚಿ ಎದ್ದು ದೂರ ನಿಂತ. ತೊಟ್ಟಿಲು ಮಾತ್ರ ತೂಗುತ್ತಲೇ ಇತ್ತು. ಎಸಿ ಬಂದ್, ಕಿಟಕಿ ಬಂದ್. ನಿಧಾನವೂ ಆಗಲೊಲ್ಲದು.

"ಖಾಲಿ ಅಲ್ಲ ಪುಟ್ಟೀ," ಅಂದ. "ನಿನ್ನ ಮೊದಲಿನ ಎರಡೂ ಇಲ್ಲಿವೆ. ಎಷ್ಟು ತೂಗಿದ್ರೂ ಮಲಗಲ್ಲ. ಹೆಸರೇ ಇಟ್ಟಿಲ್ವಲ್ಲ, ಏನಂತ ಕರೆದು ಮಲಗಿಸಲಿ?"

ಬೈಯಲು ತೆರೆದ ಬಾಯಿಂದ ಅಳು ಬಂತು. ಆ ಎರಡು ಮಕ್ಕಳ ಮಾತನ್ನು ಇಷ್ಟು ದಿನ ನನ್ನೆದುರು ಯಾರೂ ಎತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ತೊಟ್ಟಿಲ ಕಡೆ ಬಗ್ಗಿದೆ. ಗಂಡನಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಎರಡು ಹೆಸರುಗಳನ್ನು, ನಾಮಕರಣದಲ್ಲಿ ಹೇಳುವ ಹಾಗೆ, ಮೂರು ಮೂರು ಸಲ ಮೆಲ್ಲಗೆ ಹೇಳಿದೆ.

ತೊಟ್ಟಿಲು ನಿಂತಿತು.