ಹಗುರ ಹುಡುಗಿಯ ಜೋಡಿ ದೋಣಿ

ಹೊಳಿ ದಂಡಿಗೆ ಮನಿ ಇದ್ದವರು ನಗೂ ಪ್ರಸಂಗ ಹುಡುಕ್ಕೊಂಡು ಹೋಗೂದು ಬ್ಯಾಡ, ಅವೇ ತೇಲಿಕೊಂಡು ಬರ್ತಾವ. ಅದರಾಗ ನನ್ನ ಮೊಮ್ಮಗಳು ದೋಣಿ ಕಟ್ಟಾಕ ಕುಂತ ಮ್ಯಾಲಂತೂ ನಮ್ಮ ದೇವದುರ್ಗದ ಕಡಿ ಮಂದಿಗೆ ನಕ್ಕು ನಕ್ಕು ಸಾಕಾತು.

೧. ಎರಡು ರೊಟ್ಟಿ

ಹುಡುಗಿ ರಾಯಚೂರಾಗ ಇಂಜಿನಿಯರಿಂಗ್ ಓದ್ತಾಳ. ಕಡ್ಡಿ ಅಂದ್ರ ಕಡ್ಡಿ. ಕಾಲೇಜಿನವರು ಡ್ಯಾಮಿಗೆ ಕರಕೊಂಡು ಹೋಗಿ ಹಾಯಿ ದೋಣಿ ನಡಸೂದು ಕಲಿಸಿದ್ರಂತ. ಗಾಳಿ ಬೀಸಿತು, ದೋಣಿ ಮಗಚಿತು. ಹಗ್ಗ ಎಳದು ಎಬ್ಬಸಬೇಕಂದ್ರ ಇಕಿ ಭಾರ ಸಾಲಲಿಲ್ಲ.

"ಅಜ್ಜಿ, ಆ ದೋಣಿ ದಪ್ಪ ಗಂಡಸರ ಸಲುವಾಗಿ ಮಾಡಿದ್ದು. ನನ್ನಂಥ ಹಗುರ ಹುಡುಗ್ಯಾರಿಗೆ ನಾನೇ ಒಂದು ಮಾಡ್ತೀನಿ, ಸಸ್ತಾದಾಗ" ಅಂದ್ಲು.

"ದಿನಾ ಎರಡು ರೊಟ್ಟಿ ಹೆಚ್ಚಿಗಿ ತಿನ್ನವಾ, ಅದು ಇನ್ನೂ ಸಸ್ತಾ" ಅಂದೆ ನಾನು.

೨. ಗಾಳಿಯ ಲಂಗ

ಕೇಳಲಿಲ್ಲ. ನನ್ನ ಮಗ, ಅಂದ್ರ ಅವರಪ್ಪ, ಹೊಲಕ್ಕಂತ ತಂದಿಟ್ಟ ದಪ್ಪ ಪೈಪು ಕೊಟ್ಟ. ಕೊಟ್ಟು ಷರತ್ತು ಹಾಕಿದ: "ದೋಣಿ ಮಗಚಿದ್ರ ನೀ ಒಬ್ಬಾಕೀನೇ ಎಬ್ಬಸಬೇಕು. ಆಗಲಿಲ್ಲಂದ್ರ ಪೈಪು ಹೊಲಕ್ಕ, ನೀ ಪುಸ್ತಕಕ್ಕ."

ಎರಡು ಪೈಪಿನ ಬಾಯಿ ಮುಚ್ಚಿ, ಜೋಡೆತ್ತಿನಂಗ ಅಗಲಕ್ಕ ಇಟ್ಟು, ನಡುವ ಬಿದಿರು ಕಟ್ಟಿದ್ಲು. ನೋಡಿ ಕಣ್ಣು ತಂಪಾತು ನನಗ. ಹಾಯಿಗೆ ಮೆಣಸಿನಕಾಯಿ ಒಣಗಸೂ ತಾಡಪತ್ರಿ ತಗೊಂಡು ಕವಿತಾಳದ ಟೇಲರ್ ಹತ್ರ ಹೋದ್ವಿ.

"ಇಷ್ಟು ದೊಡ್ಡ ಲಂಗ ಯಾರಿಗ್ರೀ ಯವ್ವಾ?"

"ಗಾಳಿಗಪಾ."

"ಗಾಳಿ ಸೊಂಟದ ಅಳತಿ ತಂದೀರೇನ್ರೀ?"

ಅಂವ ನಕ್ಕರೂ ಹೊಲಿಗಿ ಮಾತ್ರ ಎಂಥಾದ್ದು! ಆನಿ ಎಳದ್ರೂ ಬಿಚ್ಚಂಗಿಲ್ಲ. ಆದ್ರ ಹಾಯಿ ಕೋಲು ತೂರಸಾಕ ಖಾಲಿ ಬಿಡು ಅಂತ ನಾವು ಹೇಳಿದ್ದ ಜಾಗದಾಗ ಕೆಂಪು ಲಾಡಿ ಪೋಣಿಸಿಟ್ಟಿದ್ದ. ಯಾಕಪಾ ಅಂತ ಕೇಳಿದ್ರ, "ಲಾಡಿ ಇಲ್ಲದ ಲಂಗ ನಾ ಇವತ್ತಿನತನಕ ಯಾರಿಗೂ ಕೊಟ್ಟಿಲ್ರೀ. ಗಾಳಿಗಾದ್ರೂ ಮರ್ಯಾದಿ ಬ್ಯಾಡೇನು?"

೩. ನಿಂಬಿಹಣ್ಣು

ಹೊಸ ಗಾಡಿ ತಂದ್ರ ಪೂಜಿ ಮಾಡಿ ಗಾಲಿಗೆ ನಿಂಬಿಹಣ್ಣು ಇಡಬೇಕಲ್ಲ? ದೋಣಿಗೆ ಗಾಲಿ ಎಲ್ಲೈತಿ! ನನ್ನ ಸೊಸಿ ಭಾಳ ಯೋಚನಿ ಮಾಡಿ, ಕೃಷ್ಣಾ ಹೊಳಿ ನೀರಾಗ ಇಳದು, ಎರಡು ಪೈಪಿನ ಮುಂದ ಒಂದೊಂದು ಹಣ್ಣು ಇಟ್ಲು. ದೋಣಿ ನೂಕಿದ್ವಿ. ಹಣ್ಣು ಚಪ್ಪಟಿ ಆಗೂದಿರಲಿ, ದೋಣಿಗಿಂತ ಮುಂದ ತೇಲಿಕೊಂಡು ಹೊಂಟ್ವು.

ಬಾಜೂಕ ಹರಗೋಲಿನ ಮುದುಕ ನಿಂತಿದ್ದ. "ಯವ್ವಾ, ಕೂಸು ಯಾವುದನ್ನ ಹತ್ತಬೇಕ್ರೀ?" ಅಂದ.

೪. ಕೊಡ

ಅವರಪ್ಪ ಹಾಕಿದ ಷರತ್ತಿನ ಪರೀಕ್ಷಾ ಬಂತು. ತೇಲೂ ಜಾಕೀಟು ಹಾಕ್ಕೊಂಡು ಹುಡುಗಿ ದೋಣಿ ಒಯ್ದು, ಬೇಕಂತನೇ ಮಗಚಿದ್ಲು. ದಂಡಿಮ್ಯಾಲ ಮಂದಿಯೋ ಮಂದಿ. ಕೆಳಗಿನ ಪೈಪಿನ ಮ್ಯಾಲ ನಿಂತು, ಹಗ್ಗ ಹಿಡದು ಹಿಂದಕ್ಕ ಬಾಗಿದ್ಲು. ಅರ್ಧ ಎದ್ದ ದೋಣಿ ಮತ್ತ ಧಪ್ಪನ ಬಿತ್ತು.

"ಆತು, ಪೈಪು ಹೊಲಕ್ಕ" ಅಂದ ಮಗ. ದನಿ ಮಾತ್ರ ಸಣ್ಣಾಗಿತ್ತು.

ಅಷ್ಟರಾಗ ಆಕಿ ಬಿದಿರಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕೊಡ ಬಿಚ್ಚಿ, ಹೊಳ್ಯಾಗ ಅದ್ದಿ, ನೀರು ತುಂಬಾಕತ್ತಿದ್ಲು! ನನ್ನ ಸೊಸಿ ತಲಿ ಚಚ್ಚಿಕೊಂಡು ಒದರಿದ್ಲು: "ಮನ್ಯಾಗ ಒಂದು ಕೊಡ ತಾ ಅಂದ್ರ ಏಳಂಗಿಲ್ಲ, ದೋಣಿ ಬಿದ್ದಾಗ ನೀರು ತುಂಬಾಕತ್ತಾಳಲ್ಲೋ ಯಪ್ಪಾ!"

ಹುಡುಗಿ ತುಂಬಿದ ಕೊಡ ಬೆನ್ನಿಗೆ ಜೋತು ಹಾಕ್ಕೊಂಡು ಮತ್ತ ಬಾಗಿದ್ಲು. ಕೆರ್ಯಾಗಿನ ಎಮ್ಮಿ ಎದ್ದಂಗ ದೋಣಿ ನೀರು ಸುರಿಸಿಕೋತ ಎದ್ದು ನಿಂತಿತು. ತನ್ನ ಭಾರ ಸಾಲದಂತ ಹೊಳೀದೇ ಭಾರ ಹೊತ್ತಿತ್ತು ನನ್ನ ಬಂಗಾರ! ನಾ ಹೇಳಿದ ಎರಡು ರೊಟ್ಟಿ ಆ ಕೊಡದಾಗ ಇದ್ವು.

ಮಗ ಟವೆಲ್ಲಿನಿಂದ ಕಣ್ಣು ಒರಸಿಕೊಂಡು, "ಉಳಿದ ಪೈಪೂ ನಿಂದೇ, ನನ್ನವ್ವಾ! ಗೆಳತ್ಯಾರಿಗೂ ಒಂದು ಮಾಡು" ಅಂತ ಕೂಗಿದ. ದಂಡಿ ತುಂಬ ಸಿಳ್ಳಿ, ಚಪ್ಪಾಳಿ. ಹುಡುಗಿ ಹಾಯಿ ಬಿಚ್ಚಿ, ಗಾಳಿ ಹಿಡದು ಹೊಂಟೇಬಿಟ್ಲು.

ಆಗ ನನ್ನ ಸೊಸಿ ನೀರಾಗ ಮೊಳಕಾಲ ಮಟ ಇಳದು ಹಿಂದಿಂದ ಕೂಗಿದ್ಲು:

"ಏ ಬೇ, ಮನಿಗೆ ಬರೂ ಮುಂದ ಕೊಡ ಖಾಲಿ ತರಬ್ಯಾಡ!"